ಸೈಕಲ್‌ಗೆ ಬೀಗ: ಯಾವುದು ಕೊಳ್ಳಬೇಕು, ಎಲ್ಲಿ ಕಟ್ಟಬೇಕು, ಹೇಗೆ ಹಾಕಬೇಕು

ನನ್ನ ಮೊದಲ ಗೇರ್ ಸೈಕಲ್ ಕಳುವಾದದ್ದು ಬೀದಿಯಲ್ಲಲ್ಲ, ನಾನೇ ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಗೇಟಿನಲ್ಲಿ ವಾಚ್‌ಮನ್ ಇದ್ದ, ಕ್ಯಾಮೆರಾ ಇತ್ತು, ಸೈಕಲ್‌ಗೆ ಬೀಗವೂ ಇತ್ತು. ಬೆಳಿಗ್ಗೆ ಆರಕ್ಕೆ ಇಳಿದು ನೋಡಿದರೆ ಕಂಬದ ಪಕ್ಕ ಕೇಬಲ್ ಲಾಕ್ ಮಾತ್ರ ಬಿದ್ದಿತ್ತು. ಕಪ್ಪು ಪ್ಲಾಸ್ಟಿಕ್ ಹೊದಿಕೆ ನೀಟಾಗಿ ತುಂಡಾಗಿದೆ, ಒಳಗಿನ ತಂತಿ ಎಳೆಗಳು ಪೊರಕೆ ಕಡ್ಡಿಯ ಹಾಗೆ ಒಂಚೂರು ಬಿಚ್ಚಿಕೊಂಡಿವೆ. ಹೊರಗಿಂದ ಹೆಬ್ಬೆರಳಿನಷ್ಟು ದಪ್ಪ ಕಾಣುತ್ತಿದ್ದ ಆ ಲಾಕಿನೊಳಗೆ ಉಕ್ಕು ಇದ್ದದ್ದು ಪೆನ್ಸಿಲ್ಲಿಗಿಂತಲೂ ಸಣ್ಣ. ಮಿಕ್ಕಿದ್ದೆಲ್ಲ ಪ್ಲಾಸ್ಟಿಕ್. ಕ್ಯಾಮೆರಾ ತಿರುಗಿಸಿ ನೋಡಿದಾಗ ಟೋಪಿ ಹಾಕಿಕೊಂಡ ಒಬ್ಬ ಸೈಕಲ್ ತಳ್ಳಿಕೊಂಡು ಹೋಗುವುದು ಕಂಡಿತು. ವಾಚ್‌ಮನ್ ಅವನಿಗೆ ಗೇಟೂ ತೆಗೆದುಕೊಟ್ಟಿದ್ದ.

ಅಲ್ಲಿಂದ ಮುಂದೆ ಬೀಗಗಳ ಹುಚ್ಚು ಹಿಡಿಯಿತು. ಕೊಂಡೆ, ಬಿಚ್ಚಿದೆ, ಕೆಲವನ್ನು ಬೇಕೆಂದೇ ಕತ್ತರಿಸಿಯೂ ನೋಡಿದೆ. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ. ಆಮೇಲೆ ಒಂದು ಸೀಟು ಬಿಟ್ಟರೆ ಬೇರೇನೂ ಹೋಗಿಲ್ಲ. ಬೀಗ ಎಷ್ಟು ಗಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಸೈಕಲ್ಲಿನ ಯಾವ ಭಾಗದೊಳಗೆ ತೂರಿಸಿದಿರಿ, ಯಾವುದಕ್ಕೆ ಕಟ್ಟಿದಿರಿ ಎಂದು ಯಾರೂ ಕೇಳುವುದಿಲ್ಲ. ಅರ್ಧಕ್ಕರ್ಧ ಸೋಲು ಅಲ್ಲೇ ಇದೆ.

ಹಂತ 1: ಕಳ್ಳನ ಚೀಲದಲ್ಲಿ ಏನಿದೆ?

ಮೊದಲನೆಯವನು ಬರಿಗೈಯವನು. ಬೀಗವಿಲ್ಲದ ಸೈಕಲ್ ಹುಡುಕುತ್ತಾನೆ, ಇಲ್ಲವೇ ಬೀಗ ಇದ್ದೂ ಯಾವುದಕ್ಕೂ ಕಟ್ಟದ ಸೈಕಲನ್ನು ಹೆಗಲಿಗೇರಿಸುತ್ತಾನೆ. ಎರಡನೆಯವನ ಜೇಬಿನಲ್ಲಿ ಕಟಿಂಗ್ ಪ್ಲೇಯರ್ ಇರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಕೇಬಲ್ ಲಾಕ್‌ಗಳಿಗೆ ಅಷ್ಟು ಸಾಕು: ಎಳೆಗಳನ್ನು ನಾಲ್ಕು ಸಲ ಕಚ್ಚಿದರೆ ಕಥೆ ಮುಗಿಯಿತು. ಮೂರನೆಯವನ ಬಳಿ ಬೋಲ್ಟ್ ಕಟರ್. ಎರಡಡಿ ಹಿಡಿಯದ್ದು ಶಾಲಾ ಬ್ಯಾಗಿನಲ್ಲೇ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಸಾದಾ ಸರಪಳಿ ಅದಕ್ಕೊಂದು ಲೆಕ್ಕವೇ ಅಲ್ಲ. ನಾಲ್ಕನೆಯವನು ಕಬ್ಬಿಣ ಕೊಯ್ಯುವ ಬ್ಯಾಟರಿ ಗ್ರೈಂಡರ್ ತರುತ್ತಾನೆ. ಅವನ ಮುಂದೆ ಹೆಚ್ಚಿನ ಬೀಗಗಳು ನಿಮಿಷಗಳ ಮಾತು. ಆದರೆ ಗ್ರೈಂಡರ್ ಕಿರುಚುತ್ತದೆ, ಕಿಡಿ ಹಾರಿಸುತ್ತದೆ.

ಜನ ಕೇಳಿಸಿಕೊಂಡು ಓಡಿ ಬರುತ್ತಾರೆ ಎಂದು ಮಾತ್ರ ನಂಬಬೇಡಿ. ಒಮ್ಮೆ ನನ್ನದೇ ಬೀಗದ ಕೀ ಕಳೆದುಹೋಗಿ, ಪರಿಚಯದ ವೆಲ್ಡಿಂಗ್ ಅಂಗಡಿಯವರನ್ನು ಹಗಲು ಹನ್ನೊಂದಕ್ಕೆ ಮುಖ್ಯರಸ್ತೆಗೆ ಕರೆದುಕೊಂಡು ಹೋದೆ. ಕಿಡಿ ಫುಟ್‌ಪಾತಿನ ಆಚೆಗೂ ಹಾರುತ್ತಿತ್ತು. ಹಣ್ಣಿನ ಗಾಡಿಯವರು ಗಾಡಿ ಒಂದಡಿ ಸರಿಸಿಕೊಂಡರು, ಒಬ್ಬ ಹುಡುಗ ವಿಡಿಯೋ ಮಾಡಿದ. ಸೈಕಲ್ ಯಾರದು ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ವೆಲ್ಡಿಂಗ್‌ನವರೇ, "ಸಾರ್, ಡಿಸ್ಕ್ ಪೂರ್ತಿ ಸವೆದೋಯ್ತು, ಅದರ ಕಾಸೂ ಕೊಡಿ" ಅಂದರು.

ಆ ನಾಲ್ಕನೆಯವನು ಹತ್ತು ಸಾವಿರದ ಸೈಕಲ್‌ಗಾಗಿ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಬೀಗ ಮೊದಲ ಮೂವರನ್ನು ತಡೆದರೆ ದಿನನಿತ್ಯದ ಬಹುಪಾಲು ಅಪಾಯ ಕಳೆಯಿತು.

ಹಂತ 2: ಬೀಗ ಆರಿಸುವುದು

ಅಜ್ಜನ ಕಾಲದ ಕಪ್ಪು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಲಾಳದಾಕಾರದ ಬೀಗವೊಂದು ಕೂತಿರುತ್ತದೆಯಲ್ಲ, ಒತ್ತಿದರೆ ಟಕ್ಕೆಂದು ಕಂಬಿ ಕಡ್ಡಿಗಳ ನಡುವೆ ತೂರುವುದು, ಅದು ಚಕ್ರ ತಿರುಗದಂತೆ ಮಾಡುತ್ತದೆ, ಅಷ್ಟೇ. ಇಪ್ಪತ್ತು ಕಿಲೋ ಮೀರಿದ ಆ ಸೈಕಲನ್ನು ಹೊತ್ತುಕೊಂಡು ಓಡುವುದು ಕಷ್ಟ, ಹಾಗಾಗಿ ಅಂದಿಗೆ ಸರಿಯಾಗಿತ್ತು. ಈಗಿನ ಹನ್ನೆರಡು ಹದಿಮೂರು ಕಿಲೋ ಸೈಕಲ್ಲನ್ನು ಹಿಂದಿನ ಚಕ್ರ ಎತ್ತಿ ಹಿಡಿದು ಮುಂದಿನ ಚಕ್ರದ ಮೇಲೇ ಉರುಳಿಸಿಕೊಂಡು ಹೋಗಬಹುದು. ಔಷಧಿ ಅಂಗಡಿಯೊಳಗೆ ಹೋಗಿ ಬರುವಷ್ಟು ಹೊತ್ತಿಗೆ ಈ ಬೀಗ ಸಾಕು. ನೆದರ್‌ಲ್ಯಾಂಡ್ಸ್‌ನಲ್ಲಿ ಇವತ್ತಿಗೂ ಇಂಥದೇ ಬೀಗ ಸಾಮಾನ್ಯ, ಆದರೆ ಜೊತೆಗೊಂದು ದಪ್ಪ ಸರಪಳಿಯೂ ಇರುತ್ತದೆ.

ಕೇಬಲ್ ಲಾಕನ್ನು ಒಂದೇ ಬೀಗವಾಗಿ ಯಾವತ್ತೂ ಬಳಸಬೇಡಿ. ಮುಂದಿನ ಚಕ್ರಕ್ಕೆ, ಹೆಲ್ಮೆಟ್ಟಿಗೆ ಎರಡನೇ ಬೀಗವಾಗಿ ಇರಲಿ. ನಂಬರ್ ಲಾಕಿನ ಲೆಕ್ಕ ಬೇರೆ: ಮೂರಂಕಿಯದಾದರೆ ಒಟ್ಟು 1,000 ಸಂಖ್ಯೆ, ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಅರ್ಧ ಗಂಟೆ ಚಿಲ್ಲರೆಯಲ್ಲಿ ಎಲ್ಲ ಮುಗಿಯುತ್ತದೆ. ಕೈಪಳಗಿದವನಿಗೆ ಅಷ್ಟೂ ಬೇಡ. ಬೀಗವನ್ನು ಎಳೆದು ಹಿಡಿದು ಉಂಗುರ ತಿರುಗಿಸಿದರೆ ಅಗ್ಗದ ಲಾಕುಗಳಲ್ಲಿ ಸರಿಯಾದ ಅಂಕಿ ಬೆರಳಿಗೇ ಸಿಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ನಮ್ಮದೇ: ಬೀಗ ಹಾಕಿ ಕೊನೆಯ ಉಂಗುರ ಒಂದನ್ನೇ ಒಂದು ಮನೆ ತಿರುಗಿಸಿ ಹೊರಟುಬಿಡುತ್ತೇವೆ.

ಉಳಿದದ್ದು ಎರಡು, ಡಿ ಲಾಕ್ ಮತ್ತು ಹದ ಹಾಕಿದ (ಕಾಯಿಸಿ ಗಟ್ಟಿ ಮಾಡಿದ) ಉಕ್ಕಿನ ಸರಪಳಿ. ಡಿ ಲಾಕನ್ನೇ ಕೆಲವರು ಯು ಲಾಕ್ ಅನ್ನುತ್ತಾರೆ: ಬಾಗಿಸಿದ ಕಂಬಿ, ಕೆಳಗೊಂದು ಅಡ್ಡಪಟ್ಟಿ. ನನ್ನ ಮತ ಇದಕ್ಕೇ. ಸರಪಳಿ ಎಲ್ಲಿಗೆ ಬೇಕಾದರೂ ಬಳಸಲು ಬರುತ್ತದೆ, ಆದರೆ ಒಳ್ಳೆಯ ಸರಪಳಿ ಮೂರು ಕಿಲೋ ತೂಗಿದರೂ ಆಶ್ಚರ್ಯವಿಲ್ಲ. ಅದು ಮನೆಯಲ್ಲಿ ಒಂದೇ ಕಡೆ ಬಿದ್ದಿರಲಿ. ಡಿ ಲಾಕ್ ಕೊಳ್ಳುವಾಗ ಇಷ್ಟು ನೋಡಿ:

• ಕಂಬಿಯ ದಪ್ಪ. ಪ್ಲಾಸ್ಟಿಕ್ ಹೊದಿಕೆ ಬಿಟ್ಟು ಉಕ್ಕು ಎಷ್ಟಿದೆ ಕೇಳಿ. ಹದ ಹಾಕಿದ 13 ಮಿ.ಮೀ. ಇದ್ದರೆ ಕೈಯಲ್ಲಿ ಹಿಡಿದು ತರುವ ಸಣ್ಣ ಕಟರ್ ಬಾಯಿ ಹಿಂದೆ ಸರಿಯುತ್ತದೆ, 16 ಮಿ.ಮೀ. ಆದರೆ ದೊಡ್ಡ ಬೋಲ್ಟ್ ಕಟರ್‌ಗೂ ಜಗ್ಗುವುದಿಲ್ಲ.

• ಎರಡೂ ಕಾಲು ಬೀಗಕ್ಕೆ ಸಿಗುತ್ತವೆಯೇ? ಕೆಲವು ಅಗ್ಗದವುಗಳಲ್ಲಿ ಒಂದು ಕಾಲು ಮಾತ್ರ ಲಾಕ್ ಆಗುತ್ತದೆ, ಇನ್ನೊಂದು ಸುಮ್ಮನೆ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅಂಥದರಲ್ಲಿ ಕಂಬಿಯನ್ನು ಒಂದೇ ಕಡೆ ಕತ್ತರಿಸಿ ತಿರುಚಿದರೆ ಕಳಚಿಕೊಳ್ಳುತ್ತದೆ. ಎರಡೂ ಕಾಲು ಸಿಗುವಂಥದ್ದಾದರೆ ಸಾಮಾನ್ಯವಾಗಿ ಎರಡು ಕಡೆ ಕತ್ತರಿಸಲೇಬೇಕು, ಕಳ್ಳನಿಗೆ ಕೆಲಸ ಇಮ್ಮಡಿ.

• ಕೀ. ದುಂಡಗೆ, ಕೊಳವೆಯ ಹಾಗಿರುವ ಕೀ ಕಂಡರೆ ಹಾಗೇ ವಾಪಸ್ ಇಡಿ. 2004ರಲ್ಲಿ ಅಮೆರಿಕದಲ್ಲಿ ಕ್ರಿಪ್ಟೋನೈಟ್ ಕಂಪನಿಯ ಇಂಥ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತಿರುಗಿಸಿ ತೆರೆಯಬಹುದೆಂದು ಸೈಕಲ್ ಸವಾರರು ತೋರಿಸಿಕೊಟ್ಟರು. ಅದು ಸಾಮಾನ್ಯ ಬೀಗವಲ್ಲ, ಡಿ ಲಾಕ್ ಎಂದರೆ ಕ್ರಿಪ್ಟೋನೈಟ್ ಅನ್ನುವಂಥ ಹೆಸರು. ಕಂಪನಿ ಹಳೆಯವನ್ನು ಪಡೆದು ಹೊಸ ಬೀಗ ಕೊಟ್ಟಿತು, ಆ ಬಗೆಯ ಕೀಯನ್ನೇ ಕೈಬಿಟ್ಟಿತು. ನಮ್ಮ ಅಂಗಡಿಗಳ ಅಗ್ಗದ ಲಾಕುಗಳಲ್ಲಿ ಆ ಕೀ ಈಗಲೂ ಕಾಣಸಿಗುತ್ತದೆ.

• ಒಳಜಾಗ. ದೊಡ್ಡದಿದ್ದಷ್ಟೂ ಕಟ್ಟಲು ಸುಲಭ, ಸನ್ನೆಕೋಲೋ ಜಾಕೋ ತೂರಿಸಿ ಹಿಗ್ಗಿಸಲೂ ಅಷ್ಟೇ ಸುಲಭ. ಸುಮಾರು 10 ಸೆಂ.ಮೀ. ಅಗಲ, 23 ಸೆಂ.ಮೀ. ಉದ್ದದ್ದು ದಿನಬಳಕೆಗೆ ಹದವಾಗಿರುತ್ತದೆ.

ಪೊಟ್ಟಣದ ಮೇಲೆ ಕಂಪನಿ ತಾನೇ ಹಾಕಿಕೊಂಡ "ಭದ್ರತೆ 8/10" ಥರದ ಅಂಕಗಳಿಗೆ ಬೆಲೆ ಕೊಡಬೇಡಿ, ಒಂದು ಕಂಪನಿಯ ಎಂಟು ಇನ್ನೊಂದರ ನಾಲ್ಕಿರಬಹುದು. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಸಂಸ್ಥೆ ಬೀಗಗಳನ್ನು ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ನೆದರ್‌ಲ್ಯಾಂಡ್ಸ್‌ನ ಎ.ಆರ್.ಟಿ. ನಕ್ಷತ್ರ ಕೊಡುತ್ತದೆ. ಇವೆರಡರಲ್ಲಿ ಒಂದು ಗುರುತು ಇದ್ದರೆ ನಂಬಬಹುದು. ನಗರದಲ್ಲಿ ದಿನಾ ಹೊರಗೆ ನಿಲ್ಲಿಸುವ ಸೈಕಲ್‌ಗೆ ಬೆಳ್ಳಿಯಿಂದ ಮೇಲೆ ನೋಡಿ.

ಈಗಾಗಲೇ ಮನೆಯಲ್ಲಿರುವ ಬೀಗಕ್ಕೆ ಹದ ಹಾಕಿದ್ದಾರೋ ಇಲ್ಲವೋ ತಿಳಿಯಲು ನಾನು ಮಾಡುವ ಪರೀಕ್ಷೆ ಇದು. ಕಂಬಿಯ ಹೊದಿಕೆಯನ್ನು ಕಾಲಿನ ತುದಿಯಲ್ಲಿ ಒಂದು ಬೆರಳಗಲ ಸರಿಸಿ, ಹ್ಯಾಕ್ಸಾ ಬ್ಲೇಡಿನಿಂದ ನಾಲ್ಕು ಸಲ ಎಳೆಯಿರಿ. ಸಾದಾ ಕಬ್ಬಿಣವಾದರೆ ಬ್ಲೇಡು ಕಚ್ಚಿಕೊಂಡು ಕೂರುತ್ತದೆ, ಹೊಳೆಯುವ ಗೀರು ಬಿದ್ದು ಕಬ್ಬಿಣದ ಪುಡಿ ಉದುರುತ್ತದೆ. ಹದ ಹಾಕಿದ ಉಕ್ಕಿನ ಮೇಲೆ ಬ್ಲೇಡು ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ, ಬ್ಲೇಡಿನ ಹಲ್ಲೇ ಸವೆಯುತ್ತದೆ. ಅಂಗಡಿಯಲ್ಲೇ ಈ ಪರೀಕ್ಷೆಗೆ ಇಳಿಯಬೇಡಿ, ಬೈಸಿಕೊಳ್ಳುತ್ತೀರಿ.

ಹಂತ 3: ಯಾವುದಕ್ಕೆ ಕಟ್ಟುವುದು?

ಬೆಂಗಳೂರು, ಮೈಸೂರು ಯಾವ ಊರಾದರೂ ಸರಿ, ಸೈಕಲ್‌ಗೆಂದೇ ಮಾಡಿದ ಗಟ್ಟಿ ಸ್ಟ್ಯಾಂಡು ಸಿಗುವುದು ಅಪರೂಪ. ಸಿಕ್ಕಿದ್ದಕ್ಕೆ ಕಟ್ಟುತ್ತೇವೆ. ಕಟ್ಟುವ ಮುಂಚೆ ಎರಡು ಕೆಲಸ ಮಾಡಿ: ಆ ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಆಮೇಲೆ ಅದರ ಎರಡೂ ತುದಿ ನೋಡಿ. ‘ನೋ ಪಾರ್ಕಿಂಗ್’ ಬೋರ್ಡಿನ ಕಂಬ ಗಟ್ಟಿಯೇ, ಆದರೆ ಮೇಲಿನ ತಗಡು ಎರಡು ನಟ್ಟಿನಲ್ಲಿ ನಿಂತಿರುತ್ತದೆ. ತಗಡು ಬಿಚ್ಚಿ ಸೈಕಲನ್ನು ಬೀಗಸಮೇತ ಮೇಲಕ್ಕೆತ್ತಿ ತೆಗೆಯಬಹುದು. ಫುಟ್‌ಪಾತಿನ ಗಿಡದ ಸುತ್ತಲಿನ ಕಟಕಟೆ ಬೆರಳು ದಪ್ಪದ ಕಂಬಿಯದು. ಜಾಲರಿ ಬೇಲಿಗೆ ಕಟ್ಟುವುದೂ ಕಟ್ಟದಿರುವುದೂ ಒಂದೇ. ಗ್ಯಾಸ್ ಪೈಪಿಗೆ, ಟ್ರಾನ್ಸ್‌ಫಾರ್ಮರ್ ಬೇಲಿಗೆ ಕಟ್ಟಬೇಡಿ, ಅದು ಕಳ್ಳತನಕ್ಕಿಂತ ದೊಡ್ಡ ಅಪಾಯ. ದಪ್ಪ ಪೈಪಿನ ರೇಲಿಂಗ್, ಕಾಂಕ್ರೀಟಿನಲ್ಲಿ ಹೂತ ಗೇಟಿನ ಕಂಬ, ಕಟ್ಟಡದ ಕಿಟಕಿಯ ದಪ್ಪ ಸರಳು ಸಿಕ್ಕರೆ ಅದಕ್ಕೆ ಕಟ್ಟಿ.

ಜಾಗದ ಆಯ್ಕೆಯಲ್ಲಿ ಬೆಳಕಿಗಿಂತ ನಾನು ನೋಡುವುದು ಒಂದೇ ಕಡೆ ಕೂತಿರುವ ಮನುಷ್ಯರನ್ನು. ಎಳನೀರಿನವರು, ಇಸ್ತ್ರಿ ಅಂಗಡಿಯವರು, ಚಪ್ಪಲಿ ಹೊಲಿಯುವವರು. "ಅಣ್ಣಾ, ಸಂಜೆವರೆಗೂ ಇಲ್ಲೇ ಇರುತ್ತೆ, ಸ್ವಲ್ಪ ನೋಡ್ಕೊಳ್ಳಿ" ಎಂದು ದಿನಾ ಒಂದು ಮಾತು ಹೇಳಿದರೆ ವಾರದಲ್ಲಿ ಸೈಕಲ್ ಯಾರದೆಂದು ಅವರಿಗೆ ಗೊತ್ತಾಗಿರುತ್ತದೆ. ಬೇರೆ ಯಾರಾದರೂ ಮುಟ್ಟಿದರೆ ಕೇಳುವುದು ಅವರೇ.

ಹಂತ 4: ಯಾವುದರೊಳಗೆ ತೂರಿಸುವುದು?

ಸಾಮಾನ್ಯವಾಗಿ ಕಾಣುವ ದೃಶ್ಯ: ಮುಂದಿನ ಚಕ್ರದೊಳಗೆ ಬೀಗ ತೂರಿಸಿ ರೇಲಿಂಗಿಗೆ ಹಾಕಿ ಹೋಗಿರುತ್ತಾರೆ. ಮುಂದಿನ ಚಕ್ರಕ್ಕೆ ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಚಕ್ರ ಬಿಚ್ಚುವ ಲಿವರ್) ಇದ್ದರೆ ಕಳ್ಳ ಲಿವರ್ ತಿರುಗಿಸಿ, ಚಕ್ರವನ್ನು ನಿಮಗೆ ಬಿಟ್ಟು, ಮಿಕ್ಕ ಸೈಕಲನ್ನು ಎತ್ತಿಕೊಂಡು ಹೋಗುತ್ತಾನೆ. ನನ್ನ ಆಫೀಸಿನ ಹತ್ತಿರದ ರೇಲಿಂಗಿನಲ್ಲಿ ಹೀಗೆ ಒಂಟಿ ಚಕ್ರವೊಂದು ತಿಂಗಳುಗಟ್ಟಲೆ ತೂಗಾಡುತ್ತಿತ್ತು.

ಒಂದೇ ಬೀಗ ಇದ್ದರೆ ಕ್ರಮ ಹೀಗೆ:

1. ಸೈಕಲನ್ನು ಕಂಬಕ್ಕೆ ಒತ್ತಿ, ಹಿಂದಿನ ಚಕ್ರ ಕಂಬದ ಪಕ್ಕಕ್ಕೇ ಬರುವಂತೆ ನಿಲ್ಲಿಸಿ.

2. ಸೀಟಿನ ಕೆಳಗಿನ ನೇರ ಪೈಪು, ಅಲ್ಲಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಎರಡು ಸಣ್ಣ ಪೈಪು, ಇವು ಸೇರಿ ಒಂದು ತ್ರಿಕೋನ ಆಗುತ್ತದೆ. ಆ ತ್ರಿಕೋನದೊಳಗೆ ಹಾದುಹೋಗುವ ಕಡೆಯಲ್ಲೇ ಚಕ್ರದ ರಿಮ್ಮನ್ನು ಹಿಡಿಯುವ ಹಾಗೆ ಬೀಗದ ಕಂಬಿ ತೂರಿಸಿ.

3. ಕಂಬಿ ಸೀಟಿನ ಪೈಪನ್ನೂ ಸುತ್ತಿದರೆ ಉತ್ತಮ. ಅಷ್ಟು ಜಾಗವಿಲ್ಲದಿದ್ದರೆ ರಿಮ್ ಮತ್ತು ಟೈರ್ ಸಿಕ್ಕರೂ ನಡೆಯುತ್ತದೆ.

4. ಕಂಬಿಯ ಎರಡು ಕಾಲು ಕಂಬದ ಆಚೀಚೆ ಬರಲಿ. ಅಡ್ಡಪಟ್ಟಿ ಕೂರಿಸಿ ಕೀ ತಿರುಗಿಸಿ, ಕೀ ತೂತು ನೆಲದ ಕಡೆಗೆ ಇರಲಿ.

5. ಹೊರಡುವ ಮುಂಚೆ ಬೀಗವನ್ನು ಒಮ್ಮೆ ಜೋರಾಗಿ ಎಳೆಯಿರಿ. ಒಂದು ಕಾಲು ಕೂತು ಇನ್ನೊಂದು ಕೂರದೇ ಇರುವುದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಬರೀ ರಿಮ್ ಹಿಡಿದರೆ ಫ್ರೇಮ್ ಹೋಗುವುದಿಲ್ಲವೇ ಎಂಬ ಸಂಶಯ ಬರುತ್ತದೆ. ಹಿಂದಿನ ಚಕ್ರ ಆ ತ್ರಿಕೋನದೊಳಗೆ ಬೀಗಕ್ಕೆ ಸಿಕ್ಕಿಕೊಂಡಿರುವಾಗ ಅಚ್ಚಿನ ನಟ್ಟು ಬಿಚ್ಚಿದರೂ ಚಕ್ರ ಹೊರಬರುವುದಿಲ್ಲ, ಫ್ರೇಮೂ ಬಿಡಿಸಿಕೊಳ್ಳುವುದಿಲ್ಲ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008). ಗರಗಸದಿಂದ ರಿಮ್ ಕುಯ್ಯಲು ಹೊರಟರೆ ಬಿಗಿದ ಕಡ್ಡಿಗಳ ಎಳೆತಕ್ಕೆ ರಿಮ್ ಮುಚ್ಚಿಕೊಂಡು ಬ್ಲೇಡನ್ನೇ ಕಚ್ಚಿ ಹಿಡಿಯುತ್ತದೆ ಎಂಬುದು ಅವರ ವಾದ. ಗ್ರೈಂಡರ್ ತಂದವನಿಗೆ ಇದು ಅನ್ವಯಿಸದು, ನಿಜ. ಆದರೆ ರಿಮ್ ಕುಯ್ದ ಸೈಕಲನ್ನು ಅವನು ಹೊತ್ತುಕೊಂಡೇ ಹೋಗಬೇಕು.

ಬೀಗ ನೆಲಕ್ಕೆ ತಾಗುವಷ್ಟು ಕೆಳಗೆ ಬೇಡ. ನೆಲದ ಮೇಲೆ ಒರಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಇಡೀ ಮೈಭಾರ ಹಾಕಬಹುದು; ಸುತ್ತಿಗೆ ಪೆಟ್ಟಿಗೂ ಆಸರೆ ಸಿಗುತ್ತದೆ. ಬೀಗದೊಳಗೆ ಖಾಲಿ ಜಾಗ ಆದಷ್ಟು ಕಡಿಮೆ ಇರಲಿ. ಇನ್ನು ಬೀಗವನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಓಡಿಸಬೇಡಿ. ತೂಗಾಡಿ ಮುಂದಿನ ಕಡ್ಡಿಗಳಿಗೆ ಸಿಕ್ಕಿದರೆ ಹಲ್ಲು ಉಳಿಯುವುದಿಲ್ಲ.

ಹಂತ 5: ಬಿಡಿಭಾಗ

ಈಗ ಸೀಟಿನ ಕಥೆ. ಸೈಕಲ್ ಭದ್ರವಾಗಿತ್ತು, ಸಂಜೆ ಬಂದರೆ ಸೀಟು ಮಾತ್ರ ಇಲ್ಲ. ಏಳು ಕಿಲೋಮೀಟರ್ ನಿಂತುಕೊಂಡೇ ಪೆಡಲ್ ತುಳಿದು ಮನೆ ಸೇರಿದೆ. ಲಿವರ್ ಇದ್ದ ಕಡೆಯೆಲ್ಲ ಕೈ ಹಾಕಲು ಆಹ್ವಾನ ಕೊಟ್ಟಂತೆ. ಸೀಟಿನ ಕ್ಲಾಂಪು, ಮುಂದಿನ ಚಕ್ರ ಎರಡರ ಲಿವರನ್ನೂ ತೆಗೆಸಿ ಆಲನ್ ಕೀ ಬೋಲ್ಟ್ ಹಾಕಿಸಿ. ಸೀಟಿಗೆ ಇನ್ನೊಂದು ಉಪಾಯ, ಖರ್ಚಿಲ್ಲದ್ದು: ಸವೆದ ಸೈಕಲ್ ಚೈನಿನ ತುಂಡನ್ನು ಹಳೇ ಟ್ಯೂಬಿನೊಳಗೆ ತೂರಿಸಿ, ಸೀಟಿನಡಿಯ ಕಂಬಿ ಮತ್ತು ಫ್ರೇಮಿನ ಸುತ್ತ ಹಾಕಿ, ಚೈನ್ ಟೂಲಿನಿಂದ ಪಿನ್ ಒತ್ತಿಸಿಬಿಡಿ. ಪಂಕ್ಚರ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಲೈಟು, ಪಂಪು, ಮೀಟರು ಜೇಬಿಗೆ. ಇ-ಸೈಕಲ್ ಆದರೆ ಬ್ಯಾಟರಿ ಕೈಯಲ್ಲೇ ಇರಲಿ.

ಹಂತ 6: ಮನೆ, ಅಪಾರ್ಟ್‌ಮೆಂಟು

ನನಗೆ ಗೊತ್ತಿರುವವರ ಸೈಕಲ್‌ಗಳು ಹೆಚ್ಚಾಗಿ ಹೋಗಿರುವುದು ಮನೆಯಿಂದಲೇ. ಹೊರಗೆ ಎಚ್ಚರ ಇರುತ್ತದೆ, ಮನೆಗೆ ಬಂದ ಕೂಡಲೇ ಮೈಮರೆಯುತ್ತೇವೆ. ಬೇಸ್‌ಮೆಂಟಿನಲ್ಲಿ ಕಳ್ಳನಿಗೆ ಇಡೀ ರಾತ್ರಿ ಸಮಯವಿದೆ, ನೋಡುವವರಿಲ್ಲ, ಮತ್ತು ಅಲ್ಲಿ ಕಟ್ಟಲು ಏನೂ ಇರುವುದಿಲ್ಲ: ಎರಡಡಿ ದಪ್ಪದ ಕಾಂಕ್ರೀಟ್ ಕಂಬಗಳಿಗೆ ಯಾವ ಡಿ ಲಾಕೂ ಸಾಲದು.

ಮನೆಯೊಳಗೆ ತರಲು ಸಾಧ್ಯವಿದ್ದರೆ ಒಳಗೆ ತನ್ನಿ, ಅದಕ್ಕೆ ಸಮನಾದದ್ದಿಲ್ಲ. ಇಲ್ಲವಾದರೆ ಅಸೋಸಿಯೇಷನ್ನಿಗೆ ಅರ್ಜಿ ಕೊಟ್ಟು ಸ್ಟ್ಯಾಂಡು ಮಾಡಿಸಿ. ಅಂಗಡಿಯಲ್ಲಿ ಸಿಗುವ, ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವ ಸ್ಟ್ಯಾಂಡು ಬೇಡ. ರಿಮ್ ಸೊಟ್ಟಗಾಗುತ್ತದೆ, ಫ್ರೇಮಿಗೆ ಬೀಗ ಎಟುಕುವುದಿಲ್ಲ. ಇಂಗ್ಲೆಂಡಿನಲ್ಲಿ ಶೆಫೀಲ್ಡ್ ಸ್ಟ್ಯಾಂಡ್ ಅನ್ನುವ ಸರಳ ವಿನ್ಯಾಸವಿದೆ: ಸುಮಾರು 5 ಸೆಂ.ಮೀ. ದಪ್ಪದ ಉಕ್ಕಿನ ಪೈಪನ್ನು ತಲೆಕೆಳಗಾದ ‘ಯು’ ಆಕಾರಕ್ಕೆ ಬಾಗಿಸಿ ನೆಲದಲ್ಲಿ ಹೂಳುವುದು. ನೆಲದಿಂದ ಎತ್ತರ 75 ಸೆಂ.ಮೀ., ಎರಡು ಕಾಲುಗಳ ಅಂತರ 70 ಸೆಂ.ಮೀ.ನಿಂದ ಒಂದು ಮೀಟರ್. ಒಂದಕ್ಕೆ ಎರಡು ಸೈಕಲ್, ಆಚೆಗೊಂದು ಈಚೆಗೊಂದು. ಎರಡು ಸ್ಟ್ಯಾಂಡುಗಳ ನಡುವೆ ಕನಿಷ್ಠ ಒಂದು ಮೀಟರ್ ಬಿಡಿ, ಇಲ್ಲದಿದ್ದರೆ ಹ್ಯಾಂಡಲ್ಲುಗಳು ಜಗಳಕ್ಕೆ ಬೀಳುತ್ತವೆ. ಈ ಕೆಲಸ ಬಡಾವಣೆಯ ವೆಲ್ಡಿಂಗ್ ಅಂಗಡಿಗೆ ಗೊತ್ತಿರುವುದೇ, ಅಳತೆ ಬರೆದುಕೊಟ್ಟರೆ ಸಾಕು. ನೆಲ ಅಗೆಯಲು ಬಿಡದಿದ್ದರೆ ಕಾಲಿಗೆ ದಪ್ಪ ಪ್ಲೇಟು ಬೆಸೆದು ಆಂಕರ್ ಬೋಲ್ಟ್ ಹಾಕಿಸಿ, ಬಿಗಿಯಾದ ಮೇಲೆ ಬೋಲ್ಟಿನ ತಲೆಗಳನ್ನೂ ಪ್ಲೇಟಿಗೆ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಸ್ಪ್ಯಾನರ್ ತಂದವನು ಸ್ಟ್ಯಾಂಡ್ ಸಮೇತ ಹೊರಡುತ್ತಾನೆ.

ಸ್ವಂತ ಮನೆಯ ಗೋಡೆಗೆ ಕೊಂಡಿ ಹಾಕಿಸುವವರು ಹಾಲೋ ಬ್ಲಾಕ್ ಗೋಡೆ ಬಿಟ್ಟು ಕಾಂಕ್ರೀಟ್ ಕಂಬವನ್ನೇ ಆರಿಸಿ.

ಹಂತ 7: ಇವತ್ತೇ ತೆಗೆದಿಡುವ ಫೋಟೋ

ಬೈಕಿಗೆ ಆರ್.ಸಿ. ಇದೆ, ಸೈಕಲ್‌ಗಿಲ್ಲ. ಹಿಂದೆ ಪುರಸಭೆಗಳು ಸೈಕಲ್ ತೆರಿಗೆ ಕಟ್ಟಿಸಿಕೊಂಡು ಬಿಲ್ಲೆ ಕೊಡುತ್ತಿದ್ದವು, ಅದೂ ಹೋಯಿತು. ಈಗ ಸೈಕಲ್ ನಿಮ್ಮದೆಂದು ಹೇಳುವುದು ಬಿಲ್ಲು ಮತ್ತು ಫ್ರೇಮ್ ನಂಬರ್ ಮಾತ್ರ. ಸೈಕಲನ್ನು ತಲೆಕೆಳಗು ಮಾಡಿ. ಎರಡು ಪೆಡಲ್ಲು ಸೇರುವ ಜಾಗದ ಕೆಳಭಾಗದಲ್ಲಿ ಸಾಮಾನ್ಯವಾಗಿ ಒತ್ತಿದ ಅಕ್ಷರ, ಅಂಕಿ ಕಾಣುತ್ತದೆ. ಮಣ್ಣು ಕಟ್ಟಿದ್ದರೆ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಫೋಟೋ ತೆಗೆಯಿರಿ. ಇಡೀ ಸೈಕಲ್ ಒಂದು, ನಿಮಗಷ್ಟೇ ಗೊತ್ತಿರುವ ಗೀರೋ ಸ್ಟಿಕ್ಕರೋ ಒಂದು, ಬಿಲ್ಲು ಒಂದು. ಬೀಗದ ಕೀ ಮೇಲಿನ ಸಂಖ್ಯೆಯನ್ನೂ ಬರೆದಿಡಿ, ಎರಡನೇ ಕೀಯನ್ನು ಅದೇ ಗೊಂಚಲಲ್ಲಿ ಹಾಕಬೇಡಿ. ಸೀಟಿನ ಪೈಪಿನೊಳಗೆ ಹೆಸರು, ಫೋನ್ ನಂಬರ್ ಬರೆದ ಚೀಟಿ ಸುತ್ತಿ ಇಡುವುದು ನನ್ನ ಹವ್ಯಾಸ.

ಹಂತ 8: ಬೀಗಕ್ಕೂ ಆರೈಕೆ

ಮಳೆಗಾಲ ಮುಗಿಯುವಷ್ಟರಲ್ಲಿ ಕೀ ಬಿಗಿಯುತ್ತದೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಡಬೇಡಿ: ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಬೀಗದೊಳಗೆ ಬೆಣ್ಣೆ ತುಂಬಿದಂತಾಗುತ್ತದೆ, ಧೂಳೂ ಅಂಟುತ್ತದೆ. ಗ್ರಾಫೈಟ್ ಪುಡಿ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಹಾಕಿ ಕೀಯನ್ನು ಹತ್ತು ಸಲ ತಿರುಗಿಸಿ.

ಆದರೂ ಹೋದರೆ

ಕತ್ತರಿಸಿದ ಬೀಗ ಬಿದ್ದಿದ್ದರೆ ಎತ್ತುವ ಮುಂಚೆ ಫೋಟೋ ತೆಗೆಯಿರಿ. ಅಕ್ಕಪಕ್ಕದ ಅಂಗಡಿಗಳ ಕ್ಯಾಮೆರಾ ದೃಶ್ಯವನ್ನು ಅವತ್ತೇ ಕೇಳಿ, ಎಷ್ಟೋ ಕಡೆ ಕೆಲವೇ ದಿನಕ್ಕೆ ಅಳಿಸಿಹೋಗುತ್ತದೆ. ಆಮೇಲೆ ಠಾಣೆ. ‘ಕಳೆದುಹೋದ ವಸ್ತು’ ಎಂದು ಆನ್‌ಲೈನ್‌ನಲ್ಲಿ ತುಂಬುವ ಇ-ಲಾಸ್ಟ್ ವರದಿ ಕಳ್ಳತನದ ದೂರಲ್ಲ. ವಿಮೆ ಇದ್ದರೆ ಎಫ್‌ಐಆರ್ ಕೇಳುತ್ತಾರೆ. 2024ರ ಜುಲೈ 1ರಿಂದ ಕಳ್ಳತನಕ್ಕೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ದೂರು ಕೊಡುವ ಕ್ರಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ: ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದರೂ ದೂರು ಕೊಡಬಹುದು, ವಿದ್ಯುನ್ಮಾನ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ವಿವರ ಬರೆದು ಎಸ್‌ಪಿಗೆ ಅಂಚೆಯಲ್ಲಿ ಕಳಿಸುವ ದಾರಿಯೂ ಅದೇ ಕಲಮಿನಲ್ಲಿದೆ. "ಸೈಕಲ್ಲಿಗೆಲ್ಲ ಎಫ್‌ಐಆರಾ?" ಎಂಬ ಮಾತು ಕೇಳಬೇಕಾಗಬಹುದು. ಬಿಲ್ಲು, ಫ್ರೇಮ್ ನಂಬರ್, ಫೋಟೋ ಮೇಜಿನ ಮೇಲಿಟ್ಟು ಕೂತರೆ ಆ ಮಾತು ಕಡಿಮೆಯಾಗುತ್ತದೆ.

ಮುಂದಿನ ಎರಡು ಮೂರು ವಾರ ಹಳೇ ಸಾಮಾನು ಮಾರುವ ಆ್ಯಪ್‌ಗಳನ್ನು ದಿನಾ ನೋಡಿ, ಸುತ್ತಲಿನ ಸೈಕಲ್ ರಿಪೇರಿ ಅಂಗಡಿಗಳಿಗೂ ಗುಜರಿ ಅಂಗಡಿಗಳಿಗೂ ಫೋಟೋ ಕೊಟ್ಟು ಬನ್ನಿ. ನಿಮ್ಮದೇ ಸೈಕಲ್ ಮಾರಾಟಕ್ಕೆ ಕಂಡರೆ ಜಗಳಕ್ಕೆ ಹೋಗಬೇಡಿ. ಗಿರಾಕಿಯ ಹಾಗೆ ಮಾತಾಡಿ ಫೋಟೋ ಕೇಳಿ, ಸ್ಕ್ರೀನ್‌ಶಾಟ್ ಹಿಡಿದು ಪೊಲೀಸರ ಜೊತೆ ಹೋಗಿ. ಸೀಟಿನಡಿ ಟ್ರ್ಯಾಕರ್ ಅಡಗಿಸಿಟ್ಟವರಿಗೂ ಇದೇ ಮಾತು, ಚುಕ್ಕೆ ತೋರಿಸಿದ ಮನೆಗೆ ಒಬ್ಬರೇ ನುಗ್ಗಬೇಡಿ.

ಹೋದದ್ದರ ಬದಲು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟರೆ ಮೊದಲು ಬಗ್ಗಿ ಪೆಡಲ್ಲಿನ ಕೆಳಗೆ ನೋಡಿ. ಅಲ್ಲಿ ಅಂಕಿಗಳನ್ನು ಉಜ್ಜಿ ಅಳಿಸಿದ್ದರೆ, ಬಿಲ್ಲು ಕೇಳಿದಾಗ "ಅದು ನಮ್ಮ ಭಾವನ ಹತ್ರ ಇದೆ" ಅಂದರೆ, ಬೆಲೆ ಎಷ್ಟು ಕಡಿಮೆ ಇದ್ದರೂ ಕೈಬಿಡಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ನಿಮ್ಮ ಮೇಲೇ ಬೀಳುತ್ತದೆ. ಬಿಲ್ಲು ಸಿಗದಿದ್ದರೂ ಮಾರುವವರು ಪರಿಚಿತರೇ ಆಗಿದ್ದರೆ, ಫ್ರೇಮ್ ನಂಬರ್ ನಮೂದಿಸಿ ಒಂದು ಸಾದಾ ಕಾಗದದ ಮೇಲೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ, ಹಣವನ್ನು ಯುಪಿಐನಲ್ಲೇ ಕೊಡಿ.